ಕದಂಬರ ಸಿಂಹಲಾಂಛನ

ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಗೋವೆಯಿಂದ ಬಂದ ಸರಕಾರಿ ಬಸ್ಸನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಅದರ ಮೈಮೇಲೆ ‘ಕದಂಬ’ ಎಂದು ಬರೆದಿರುತ್ತದೆ; ಜೊತೆಗೆ ಒಂದು ಸಿಂಹದ ಗುರುತು. 1980ರಲ್ಲಿ ಗೋವೆಯವರು ತಮ್ಮ ಸಾರಿಗೆ ಸಂಸ್ಥೆಯನ್ನು ಆರಂಭಿಸಿದಾಗ ಅದಕ್ಕೆ ಈ ಹೆಸರನ್ನೂ ಈ ಗುರುತನ್ನೂ ಇಟ್ಟುಕೊಂಡರು. 2005ರಲ್ಲಿ ಕಾರವಾರದ ಬಳಿ ನಮ್ಮ ನೌಕಾಪಡೆ ತನ್ನ ದೊಡ್ಡ ನೆಲೆಯನ್ನು ತೆರೆದಾಗ ಅದಕ್ಕೂ ಕದಂಬ ಎಂದೇ ಹೆಸರಾಯಿತು. ಒಂದು ನೆಲದ ಮೇಲೆ ಓಡುವ ವಾಹನ, ಇನ್ನೊಂದು ನೀರಿನ ಮೇಲೆ ಓಡುವ ಹಡಗುಗಳ ನೆಲೆ. ಎರಡಕ್ಕೂ ಹೆಸರು ಕೊಟ್ಟ ಮನೆತನ ಒಂದೇ.

ಬಸ್ಸಿನ ಮೇಲಿನ ಸಿಂಹವನ್ನು ಕಂಡ ನಮ್ಮ ಕಡೆಯವರು ‘ಇದು ಗೋವೆಯ ಸಿಂಹ’ ಎನ್ನುವುದುಂಟು. ಹಾಗೆನ್ನುವವರು ಹಳಿಯಾಳದವರೋ ಜೋಯಿಡಾದವರೋ ಆಗಿದ್ದರೆ ನನಗೆ ಸ್ವಲ್ಪ ನಗು ಬರುತ್ತದೆ. ಏಕೆಂದರೆ ಆ ಸಿಂಹ ಗೋವೆಗೆ ಇಳಿದದ್ದು ಘಟ್ಟದ ಮೇಲಿಂದ. ಅದರ ಹಳೆಯ ಮನೆ ನಮ್ಮ ಕಾಡಿನ ಅಂಚಿನಲ್ಲಿಯೇ ಇದೆ.

ಈ ಹೊತ್ತು ಆ ಸಿಂಹದ ಕತೆಯನ್ನು ಹೇಳುವುದು ನನ್ನ ಉದ್ದೇಶ. ಅದಕ್ಕೆ ಮೊದಲು, ಗುರುತು ಎಂಬುದು ಏತಕ್ಕೆ ಬೇಕಾಗುತ್ತದೆ ಎಂಬ ಬಗೆಗೆ ಎರಡು ಮಾತು.

ಕಲಕತ್ತೆಯಲ್ಲಿ 1858ರಲ್ಲಿ, ಮದರಾಸಿನಲ್ಲಿ 1867ರಲ್ಲಿ ದೋಣಿ ನಡೆಸುವವರ ಸಂಘಗಳು ಹುಟ್ಟಿದವು. ಇಂಥ ಸಂಘದವರು ಪಂದ್ಯಕ್ಕೆ ಇಳಿದಾಗ ಹುಟ್ಟಿನ ಅಲಗಿಗೆ ತಮ್ಮ ತಮ್ಮ ಬಣ್ಣವನ್ನು ಬಳಿದುಕೊಳ್ಳುವುದು ವಾಡಿಕೆ. ಹುಟ್ಟು ನೀರಿನಿಂದ ಮೇಲೆದ್ದಾಗಲೆಲ್ಲ ಆ ಬಣ್ಣ ಹೊಳೆಯುತ್ತದೆ. ದಂಡೆಯ ಮೇಲೆ ನಿಂತವನಿಗೆ ಮುಂದೆ ಬರುವ ದೋಣಿ ಯಾರದೆಂದು ಅರ್ಧ ಮೈಲಿಯಿಂದಲೇ ತಿಳಿಯುತ್ತದೆ. ಇದು ದೂರದ ಗುರುತು. ಆ ಸಂಘದವರೇ ಕಾಗದ ಬರೆದಾಗ ಮೇಲೆ ಒಂದು ಮುದ್ರೆ ಒತ್ತುತ್ತಾರಲ್ಲ, ಅದು ಹತ್ತಿರದ ಗುರುತು. ಕಾಗದ ನಮ್ಮದೇ, ಖೋಟಾ ಅಲ್ಲ ಎಂಬುದಕ್ಕೆ ಸಾಕ್ಷಿ.

ನಮ್ಮ ಹಳೆಯ ಅರಸರೂ ಈ ಎರಡನ್ನು ಬೇರೆ ಬೇರೆಯಾಗಿಯೇ ಇಟ್ಟುಕೊಂಡಿದ್ದರು. ದೂರದ ಗುರುತಿಗೆ ಧ್ವಜವೆಂದು ಹೆಸರು, ಹತ್ತಿರದ ಗುರುತಿಗೆ ಲಾಂಛನವೆಂದು ಹೆಸರು. ಚಾಲುಕ್ಯರಿಗೆ ಲಾಂಛನ ವರಾಹ, ಧ್ವಜ ಪಾಳಿಧ್ವಜ. ಸವದತ್ತಿಯ ರಟ್ಟರಿಗೆ ಲಾಂಛನ ಸಿಂದೂರ, ಧ್ವಜದಲ್ಲಿ ಚಿನ್ನದ ಗರುಡ. ಕದಂಬರಿಗೆ ಲಾಂಛನ ಸಿಂಹ. ಧ್ವಜ? ಕೇಳಿದರೆ ಆಶ್ಚರ್ಯಪಟ್ಟೀರಿ: ಅವರ ಧ್ವಜದಲ್ಲಿ ಇದ್ದುದು ವಾನರ. ಶಾಸನಗಳು ಅವರನ್ನು ಸಿಂಹಲಾಂಛನರೆಂದೂ ವಾನರಧ್ವಜರೆಂದೂ ಒಂದೇ ಉಸಿರಿನಲ್ಲಿ ಕರೆಯುತ್ತವೆ. ಮೂರನೆಯದಾಗಿ ಒಂದು ವಾದ್ಯದ ಹೆಸರನ್ನೂ ಹೇಳುತ್ತವೆ, ಪೆರ್ಮಟ್ಟಿ ಎಂದು. ಅರಸನ ಸವಾರಿ ಹೊರಟಾಗ ಪೆರ್ಮಟ್ಟಿ ಮೊಳಗುತ್ತಿತ್ತು. ಹೀಗೆ ಕಣ್ಣಿಗೆ ಎರಡು ಗುರುತು, ಕಿವಿಗೆ ಒಂದು. ಈ ಧ್ವನಿಯಂತ್ರದ ಮುಂದೆ ಕುಳಿತು ಮಾತಾಡುವ ನನಗೆ ಆ ಮೂರನೆಯದರ ಮೇಲೆಯೇ ಆಸೆ. ಪೆರ್ಮಟ್ಟಿಯನ್ನು ಒಂದು ಸಲ ಬಾರಿಸಿ ನಿಮಗೆ ಕೇಳಿಸುವಂತಿದ್ದರೆ ನಾನು ಇಷ್ಟು ಹೊತ್ತು ಮಾತಾಡಬೇಕಾಗಿಯೇ ಇರಲಿಲ್ಲ!

ಮೂರು ಗುರುತುಗಳಲ್ಲಿ ನಾದ ಗಾಳಿಯಲ್ಲಿ ಹೋಯಿತು. ವಾನರ ಬಟ್ಟೆಯ ಮೇಲೆ ಇತ್ತು, ಬಟ್ಟೆಯ ಜೊತೆಗೆ ಹೋಯಿತು. ಸಿಂಹ ಮಾತ್ರ ಉಳಿಯಿತು. ಏಕೆಂದರೆ ಅದು ಲೋಹದ ಮೇಲೆ ಇತ್ತು.

ಎಂಥ ಲೋಹ, ಎಲ್ಲಿ ಎಂಬುದನ್ನು ತುಸು ಬಿಡಿಸಿ ಹೇಳುತ್ತೇನೆ. ಅರಸನು ಒಂದು ಊರನ್ನೋ ಹೊಲವನ್ನೋ ದಾನ ಕೊಟ್ಟರೆ ಅದನ್ನು ತಾಮ್ರದ ತಗಡುಗಳ ಮೇಲೆ ಕೊರೆಯಿಸುತ್ತಿದ್ದ. ತಗಡುಗಳಿಗೆ ಒಂದು ಕಡೆ ತೂತು ಕೊರೆದು, ಎಲ್ಲವನ್ನೂ ಒಂದು ತಾಮ್ರದ ಬಳೆಯಲ್ಲಿ ಪೋಣಿಸಿ, ಬಳೆಯ ಎರಡು ತುದಿಗಳನ್ನು ಒಂದು ಲೋಹದ ಗಟ್ಟಿಯಲ್ಲಿ ಬೆಸೆಯುತ್ತಿದ್ದರು. ಆ ಗಟ್ಟಿಯ ಮೇಲೆಯೇ ಮುದ್ರೆ. ನಡುವಿನ ಒಂದು ತಗಡನ್ನು ಕಿತ್ತು ಬೇರೆಯದನ್ನು ಸೇರಿಸಬೇಕಾದರೆ ಬಳೆಯನ್ನು ಕಡಿಯಬೇಕು. ಕಡಿದರೆ ಮೋಸ ಬಯಲಾಯಿತು. ಇಂದಿನ ದಸ್ತೈವಜಿನ ಮೇಲೆ ಅರಗಿನ ಮುದ್ರೆ ಹೇಗೋ ಹಾಗೆ. ದಾನ ಪಡೆದ ಮನೆಯವರು ಅದನ್ನು ಪೆಟ್ಟಿಗೆಯಲ್ಲಿಯೋ ಗೋಡೆಯ ಸಂದಿನಲ್ಲಿಯೋ ತಲೆಮಾರುಗಟ್ಟಲೆ ಕಾಪಾಡುತ್ತಿದ್ದರು, ಭೂಮಿಯ ಹಕ್ಕು ಅದರಲ್ಲಿ ಇತ್ತಲ್ಲ! ಅರಸನ ಮೇಲಿನ ಅಭಿಮಾನಕ್ಕಿಂತ ಹೊಲದ ಮೇಲಿನ ಅಭಿಮಾನವೇ ಆ ಸಿಂಹವನ್ನು ಕಾಪಾಡಿತು ಎಂದು ನನಗೆ ತೋರುತ್ತದೆ.

ಇನ್ನು ಮೂಲಕ್ಕೆ ಬರೋಣ. ಕದಂಬರ ಮೊದಲ ದೊರೆ ಮಯೂರಶರ್ಮ. ಕಾಲ ಸುಮಾರು ಕ್ರಿ. ಶ. 345. ತಾಳಗುಂದದ ಕಂಬದ ಶಾಸನ ಅವನ ಕತೆಯನ್ನು ಹೇಳುತ್ತದೆ. ಕಂಚಿಯ ಘಟಿಕೆಯಲ್ಲಿ ವೇದ ಓದಲು ಅಜ್ಜನ ಜೊತೆಗೆ ಹೋದ ಈ ತರುಣ, ಪಲ್ಲವರ ಕುದುರೆಯಾಳುಗಳೊಡನೆ ಜಗಳವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ. ಶ್ರೀಪರ್ವತದ ಕಾಡುಗಳಲ್ಲಿ ಸೇರಿಕೊಂಡು ಪಲ್ಲವರನ್ನು ಕಾಡಿ, ಕೊನೆಗೆ ಅವರಿಂದಲೇ ಪಡುವಣ ಕಡಲಿನವರೆಗಿನ ನಾಡನ್ನು ಪಡೆದ. ಮನೆಯ ಬಳಿ ಇದ್ದ ಒಂದು ಕದಂಬ ಮರವನ್ನು ಪ್ರೀತಿಯಿಂದ ಬೆಳೆಸಿದ್ದರಿಂದ ಆ ಕುಲಕ್ಕೆ ಕದಂಬವೆಂದು ಹೆಸರಾಯಿತೆಂದು ಶಾಸನದ ಮಾತು. ಎಂದರೆ ಹೆಸರು ಮರದ್ದು.

ಇಂಗ್ಲೆಂಡಿನ ಚರಿತ್ರೆ ಓದಿದವರಿಗೆ ಇಲ್ಲಿ ಒಂದು ನೆನಪು ಬರಬೇಕು. 12ನೆಯ ಶತಮಾನದಲ್ಲಿ ಆಂಜೂ ಪ್ರಾಂತದ ಒಡೆಯನಾಗಿದ್ದ ಜೆಫ್ರಿ ಎಂಬವನು ಟೋಪಿಯಲ್ಲಿ ಒಂದು ಹಳದಿ ಹೂವಿನ ಗಿಡದ ಟೊಂಗೆ ಸಿಕ್ಕಿಸಿಕೊಳ್ಳುತ್ತಿದ್ದನಂತೆ. ಆ ಗಿಡದಿಂದ ಅವನ ವಂಶಕ್ಕೆ ಪ್ಲಾಂಟಜೆನೆಟ್ ಎಂಬ ಹೆಸರು ನಿಂತಿತು. ಹೆಸರು ಗಿಡದ್ದು; ಗುರಾಣಿಯ ಮೇಲೆ ಮಾತ್ರ ಸಿಂಹಗಳು! 1151ರಲ್ಲಿ ಅವನು ತೀರಿಕೊಂಡ ಮೇಲೆ ಅವನ ಗೋರಿಗೆಂದು ಮಾಡಿದ ಮೀನಾಕಾರಿಯ ಫಲಕದಲ್ಲಿ ನೀಲಿ ಗುರಾಣಿ, ಚಿನ್ನದ ಸಿಂಹಗಳು ಇವೆ. ಯುರೋಪಿನ ವಂಶಚಿಹ್ನೆಗಳ ಚರಿತ್ರೆ ಬರೆಯುವವರು ಆ ಫಲಕದಿಂದಲೇ ಮಾತು ತೆಗೆಯುತ್ತಾರೆ. ಸರಿಯಾಗಿ ಅದೇ ಕಾಲದಲ್ಲಿ ಗೋವೆಯಲ್ಲಿ ಎರಡನೆಯ ಜಯಕೇಶಿಯೂ ಅವನ ಮಗ ಪೆರ್ಮಾಡಿಯೂ ಸಿಂಹಲಾಂಛನದಡಿ ಆಳುತ್ತಿದ್ದರು. ಒಬ್ಬರನ್ನೊಬ್ಬರು ಕೇಳಿ ಅರಿಯದ ಎರಡು ಮನೆತನಗಳು; ಮರದ ಹೆಸರು, ಮೃಗದ ಗುರುತು.

ಹಾಗಾದರೆ ಮಯೂರಶರ್ಮನ ಮುದ್ರೆಯಲ್ಲಿ ಸಿಂಹ ಇತ್ತೆ? ಇಲ್ಲಿ ಎಚ್ಚರಿಕೆಯಿಂದ ನಡೆಯಬೇಕು. ಬನವಾಸಿಯ ಆದಿಕದಂಬರು ತಮ್ಮನ್ನು ಬಣ್ಣಿಸಿಕೊಳ್ಳುವ ರೀತಿಯೇ ಬೇರೆ. ತಾವು ಮಾನವ್ಯ ಗೋತ್ರದವರು, ಹಾರಿತೀಪುತ್ರರು, ಸ್ವಾಮಿ ಮಹಾಸೇನನ ಮತ್ತು ಮಾತೃಗಣದ ಕೃಪೆಗೆ ಪಾತ್ರರಾದವರು ಎಂದು ಹೇಳಿಕೊಳ್ಳುತ್ತಾರೆ. ಸಿಂಹ, ವಾನರ, ಪೆರ್ಮಟ್ಟಿ ಎಂಬ ಬಿರುದುಗಳ ಮಾಲೆ ತುಂಬಿ ಹರಿಯುವುದು 11ನೆಯ ಮತ್ತು 12ನೆಯ ಶತಮಾನಗಳ ಶಾಸನಗಳಲ್ಲಿ. ಹಾಗೆಂದು ಸಿಂಹ ಆದಿಕದಂಬರಿಗೆ ಅಪರಿಚಿತವೇನೂ ಅಲ್ಲ. ಅವರಲ್ಲಿ ಒಬ್ಬ ಪ್ರಸಿದ್ಧ ದೊರೆಯ ಹೆಸರು ಮೃಗೇಶವರ್ಮ, ಮೃಗೇಶನೆಂದರೆ ಸಿಂಹವೇ. ತಾಳಗುಂದದ ಪ್ರಣವೇಶ್ವರ ಗುಡಿಯ ಬಳಿ 2013ರಲ್ಲಿ ಅಗೆದಾಗ ಸಿಕ್ಕಿದ ಸಿಂಹಕಟಾಂಜನದ ಮೇಲೆ ಕನ್ನಡ ಅಕ್ಷರಗಳ ಸಾಲುಗಳಿವೆ. ಅದು ಸುಮಾರು 370ರದು, ಹಲ್ಮಿಡಿಗಿಂತ ಹಳೆಯದು ಎಂದು ಹೇಳುವ ವಿದ್ವಾಂಸರಿದ್ದಾರೆ, ಕಾಲದ ಬಗೆಗೆ ಚರ್ಚೆಯೂ ಇದೆ. ಕನ್ನಡದ ಮೊದಲ ಅಕ್ಷರಗಳಲ್ಲಿ ಕೆಲವು ಸಿಂಹದ ಮಗ್ಗುಲಲ್ಲಿ ಕುಳಿತಿರಬಹುದೆಂಬ ಆ ಮಾತು ನನಗೆ ಬಹಳ ಹಿಡಿಸಿದೆ. ಆದರೂ ಮೆಟ್ಟಲಿನ ಸಿಂಹ ಬೇರೆ, ಮುದ್ರೆಯ ಸಿಂಹ ಬೇರೆ. ಒಂದನ್ನು ತೋರಿಸಿ ಇನ್ನೊಂದನ್ನು ಸಾಧಿಸಲಾಗದು.

ಬನವಾಸಿಯವರಿಗೆ ಎರಡನೆಯ ರಾಜಧಾನಿಯೊಂದು ಇತ್ತು, ಪಲಾಶಿಕಾ. ಅದೇ ಇಂದಿನ ಹಳಸಿ. ಖಾನಾಪುರ ತಾಲೂಕಿನಲ್ಲಿ, ನಂದಗಡದ ಹತ್ತಿರ, ಹಳಿಯಾಳದ ಸೀಮೆಗೆ ನೆರೆಯ ಊರು. ಮೃಗೇಶವರ್ಮ ತನ್ನ ತಂದೆಯ ನೆನಪಿಗಾಗಿ ಅಲ್ಲಿ ಜಿನಾಲಯ ಕಟ್ಟಿಸಿದ. ಅಲ್ಲಿ ಸಿಕ್ಕಿದ ತಾಮ್ರಪಟಗಳನ್ನು 1870ರ ದಶಕದಲ್ಲಿ ಫ್ಲೀಟ್ ಸಾಹೇಬರು ಓದಿ ಪ್ರಕಟಿಸಿದ ಮೇಲೆಯೇ ಆದಿಕದಂಬರ ವಂಶಾವಳಿ ನಮಗೆ ಹೊಂದಿ ಬಂದದ್ದು. ಆರನೆಯ ಶತಮಾನದಲ್ಲಿ ಚಾಲುಕ್ಯರು ಬಂದರು. 634ರ ಐಹೊಳೆಯ ಶಾಸನ ಕೀರ್ತಿವರ್ಮನನ್ನು ಕದಂಬರಿಗೆ ಕಾಳರಾತ್ರಿಯಾದವನೆಂದು ಹೊಗಳುತ್ತದೆ. ಆ ರಾತ್ರಿ ನಾಲ್ಕು ಶತಮಾನ ಹಿಡಿಯಿತು.

ಬೆಳಗಾದಾಗ ಎರಡು ಮನೆಗಳು ಎದ್ದು ನಿಂತಿದ್ದವು. ಒಂದು ಹಾನಗಲ್ಲಿನದು, ಮುಂಡಗೋಡದವರಿಗೆ ಹಾನಗಲ್ಲು ಎಷ್ಟು ಹತ್ತಿರವೆಂದು ನಾನು ಹೇಳಬೇಕಾಗಿಲ್ಲ. ಇನ್ನೊಂದು ಗೋವೆಯದು, ಘಟ್ಟದ ಕೆಳಗೆ ಕೊಂಕಣ, ಘಟ್ಟದ ಮೇಲೆ ಹಳಸಿಯ ಸುತ್ತಿನ ಪಲಸಿಗೆ ಹನ್ನೆರಡು ಸಾವಿರ ಅದರ ಕೈಯಲ್ಲಿ. ಒಂದು ಮನೆಯ ನೆರಳು ಮುಂಡಗೋಡದ ಕಡೆಗೆ, ಇನ್ನೊಂದರ ನೆರಳು ಹಳಿಯಾಳ, ಸೂಪೆಗಳ ಕಡೆಗೆ. ಎರಡು ಮನೆಗಳೂ ಕಲ್ಯಾಣದ ಚಾಲುಕ್ಯರಿಗೆ ಸಾಮಂತರು. ಎರಡು ಮನೆಗಳೂ ಒಂದೇ ಸಿಂಹ, ಒಂದೇ ವಾನರ, ಒಂದೇ ಪೆರ್ಮಟ್ಟಿಯನ್ನು ಹೇಳಿಕೊಂಡವು. ಎರಡೂ ತಮ್ಮನ್ನು ಬನವಾಸಿ ಪುರವರಾಧೀಶ್ವರರೆಂದು ಕರೆದುಕೊಂಡವು. ಹಾನಗಲ್ಲಿನವರು ಬನವಾಸಿಯನ್ನು ಆಳಿದ್ದರು, ಅವರಿಗೆ ಸಲ್ಲುವ ಮಾತು. ಗೋವೆಯವರಿಗೆ ಬನವಾಸಿ ಎಲ್ಲಿ? ಆದರೂ ಬಿಡಲಿಲ್ಲ.

ಬಿಡದಿರಲು ಕಾರಣವಿತ್ತು. ನಾಲ್ಕು ನೂರು ವರ್ಷಗಳ ಅಂತರವಿದ್ದಾಗ ‘ನೀನು ಯಾರ ಮಗ?’ ಎಂದು ಕೇಳುವವರಿರುತ್ತಾರೆ. ಸಾಮಂತರ ಸಭೆಯಲ್ಲಿ ಪೀಠದ ಸ್ಥಾನ ಕುಲದ ಹಳಮೆಯನ್ನು ನೋಡಿ ಸಿಗುತ್ತಿತ್ತು. ಆಗ ಕವಿಗಳು ಹೊಸ ಕತೆಯೊಂದನ್ನು ಹೆಣೆದರು: ತ್ರಿಪುರವನ್ನು ಸುಟ್ಟು ಬಂದ ಶಿವನ ಹಣೆಯ ಬೆವರಹನಿ ಕದಂಬ ಮರದ ಬುಡದಲ್ಲಿ ಬಿದ್ದು, ಅದರಿಂದ ಮೂರು ಕಣ್ಣಿನ, ನಾಲ್ಕು ತೋಳಿನ ಮೂಲಪುರುಷ ಹುಟ್ಟಿದನಂತೆ. ಜಗಳವಾಡಿ ಕತ್ತಿ ಹಿಡಿದ ವಿದ್ಯಾರ್ಥಿಯ ಕತೆ ಹಿಂದೆ ಸರಿದು ಇದು ಮುಂದೆ ಬಂತು. ನನಗೆ ಮೊದಲಿನದೇ ಹೆಚ್ಚು ಚೆಲುವಾಗಿ ಕಾಣುತ್ತದೆ, ಇರಲಿ. ಈ ಕತೆ, ಈ ಸಿಂಹ, ಈ ವಾನರ ಎಲ್ಲವೂ ಕೂಡಿ ಹೇಳುವುದು ಒಂದೇ ಮಾತು: ನಾವು ಆ ಹಳೆಯ ಮನೆಯವರೇ. ಊರು ಬಿಟ್ಟು ದೂರ ಹೋದವರು ಮನೆದೇವರ ಹೆಸರನ್ನು ಊರಲ್ಲಿ ಉಳಿದವರಿಗಿಂತ ಜತನವಾಗಿ ಇಟ್ಟುಕೊಳ್ಳುವುದನ್ನು ನಾವು ನೋಡಿದ್ದೇವಲ್ಲವೆ?

ಇದನ್ನು ಹಿಡಿದರೆ ಇನ್ನೊಂದು ಒಗಟು ಬಿಡುತ್ತದೆ. ಗೋವೆಯ ಕದಂಬರು ಕಡಲಿನವರು. ಧಾರವಾಡದ ಪಕ್ಕದ ನರೇಂದ್ರ ಗ್ರಾಮದಲ್ಲಿ 1125ರ ಸುಮಾರಿನ ಒಂದು ಶಾಸನವಿದೆ. ಎರಡನೆಯ ಷಷ್ಠದೇವ, ಎಂದರೆ ಚಟ್ಟಯ್ಯದೇವ, ಹಡಗುಗಳ ಸಾಲನ್ನೇ ಸೇತುವೆ ಮಾಡಿ ಲಂಕೆಯವರೆಗೆ ನಿಲ್ಲಿಸಿದನೆಂದು ಅದರಲ್ಲಿ ಬಣ್ಣನೆ. ಅವನು ಕಡಲಲ್ಲಿ ಆಟವಾಡುತ್ತ ಠಾಣೆಯ ಬಂದರಿಗೆ ಹೋದಾಗ ಅಲ್ಲಿನ ಅರಸ ಮುಮ್ಮುರಿ ಎದುರುಗೊಂಡು, ಮಗಳನ್ನು ಧಾರೆಯೆರೆದು, ಐದು ಲಕ್ಷ ಹೊನ್ನು ಕೊಟ್ಟನಂತೆ. ಸೇತುವೆಯ ಮಾತು ಕವಿಯದು. ಕೋಡಿಗಟ್ಟಲೆ ಹಡಗುಗಳಿದ್ದ ದೊರೆಯನ್ನು ಕಂಡವನಿಗೇ ಹೊಳೆಯುವಂಥ ಮಾತು.

ಇವನ ಹಿರಿಯ ಗುಹಲ್ಲದೇವನ ಸಂಗತಿ ಇನ್ನೂ ಮನಮುಟ್ಟುವಂತಹದು. ಸೋಮನಾಥನ ಯಾತ್ರೆಗೆ ಹಡಗಿನಲ್ಲಿ ಹೊರಟಿದ್ದಾಗ ನಡುದಾರಿಯಲ್ಲಿ ಹಾಯಿಕಂಬ ಮುರಿಯಿತು. ಸಮೀಪದ ಗೋಪಕಪಟ್ಟಣದ ಬಂದರನ್ನು ಸೇರಬೇಕಾಯಿತು. ಅಲ್ಲಿ ಅವನ ಕೈಹಿಡಿದವನು ಮದುಮದನೆಂಬ ಸಿರಿವಂತ ಅರಬ ವ್ಯಾಪಾರಿ. ಕದಂಬರು ಉಪಕಾರವನ್ನು ಮರೆಯಲಿಲ್ಲ. ಒಂದನೆಯ ಜಯಕೇಶಿ ಆ ವ್ಯಾಪಾರಿಯ ಮೊಮ್ಮಗನನ್ನು ಅಧಿಕಾರದಲ್ಲಿಟ್ಟ; ಅವನು ಕಟ್ಟಿಸಿದ ಮಸೀದಿಯ ಖರ್ಚಿಗೆ ಬಂದರಿಗೆ ಬರುವ ಹಡಗುಗಳಿಂದ ಸುಂಕ ಎತ್ತಲು ತಾಮ್ರಪಟ ಬರೆಯಿಸಿಕೊಟ್ಟ. ಅದೇ ಜಯಕೇಶಿ ರಾಜಧಾನಿಯನ್ನು ಚಂದ್ರಪುರದಿಂದ ಗೋಪಕಪಟ್ಟಣದ ಬಂದರಿಗೇ ತಂದ. ಅವನ ಮಗಳು ಗುಜರಾತದ ಚೌಲುಕ್ಯ ಕರ್ಣನ ರಾಣಿಯಾಗಿ ಸಿದ್ಧರಾಜ ಜಯಸಿಂಹನ ತಾಯಿಯಾದಳು.

ಆ ಕಾಲದ ಹಡಗು ಹೇಗಿತ್ತು? ಮುಂಬಯಿಯ ಬೋರಿವಲಿಯ ಬಳಿ ಏಕ್ಸರ್ ಎಂಬಲ್ಲಿ ವೀರಗಲ್ಲುಗಳಿವೆ. ಕದಂಬರವಲ್ಲ, ಆದರೆ ಅದೇ ಕಡಲು, ಹೆಚ್ಚುಕಡಿಮೆ ಅದೇ ಯುಗ. ಚೂಪು ಮೂತಿಯ ಎತ್ತರದ ಹಡಗುಗಳು, ಒಂದೊಂದಕ್ಕೆ ಒಂದು ಕಂಬ, ಒಂದೊಂದು ಮಗ್ಗುಲಿಗೆ ಒಂಬತ್ತು ಹುಟ್ಟುಗಳು. ಗಾಳಿ ಇಲ್ಲದಾಗ, ಹೊಳೆಯ ಬಾಯಿಗೆ ನುಗ್ಗುವಾಗ, ವೈರಿಯ ಮೇಲೆ ಬೀಳುವಾಗ ಹಾಯಿಯ ಕೆಲಸವಿಲ್ಲ; ತೋಳಿನ ಕೆಲಸ. ಗೋವೆಯ ವಸ್ತುಸಂಗ್ರಹಾಲಯಗಳಲ್ಲಿಯೂ ಕಡಲ ಕಾಳಗದ ವೀರಗಲ್ಲುಗಳನ್ನು ಕಾಣಬಹುದು. ಅರಸರ ಹೆಸರು ತಾಮ್ರದಲ್ಲಿದೆ, ಹುಟ್ಟು ಹಾಕಿದವರ ಹೆಸರು ಎಲ್ಲಿಯೂ ಇಲ್ಲ. ಅವರ ತೋಳುಗಳು ಮಾತ್ರ ಆ ಕಲ್ಲುಗಳಲ್ಲಿ ಇನ್ನೂ ಬಾಗಿವೆ.

ಇಂಥ ಕಡಲಿನವರ ನಾಣ್ಯದ ಮೇಲೆ ಹಡಗು ಇರಬೇಡವೆ? ಅವರಿಗಿಂತ ಸಾವಿರ ವರ್ಷ ಹಿಂದೆಯೇ ಶಾತವಾಹನರು ಎರಡು ಕಂಬದ ಹಡಗನ್ನು ತಮ್ಮ ಸೀಸದ ನಾಣ್ಯಗಳ ಮೇಲೆ ಒತ್ತಿದ್ದರು. ಗೋವೆಯ ಕದಂಬರ ಚಿನ್ನದ ಗದ್ಯಾಣದ ಮೇಲೆ ಹಡಗಿಲ್ಲ. ಇರುವುದು ಬಾಲ ಎತ್ತಿ ನಡೆಯುವ ಸಿಂಹ. ಅದರ ಬಳಿ ಸಂವತ್ಸರದ ಹೆಸರು. ಹಿಂದಿನ ಮಗ್ಗುಲಲ್ಲಿ ನಾಗರೀ ಲಿಪಿಯಲ್ಲಿ ಸಪ್ತಕೋಟೀಶ್ವರನ ವರಪ್ರಸಾದ ಪಡೆದ ಅರಸನೆಂಬ ಬರಹ, ಜೊತೆಗೆ ‘ಮಲವರಮಾರಿ’ ಎಂಬ ಬಿರುದು. ಮಲೆಯ ನಾಯಕರ ಪಾಲಿಗೆ ಮಾರಿಯಾದವನು ಎಂದರ್ಥ. ಹೊಯ್ಸಳರ ನಾಣ್ಯದ ಮೇಲೆ ‘ಮಲಪರೊಳ್ಗಂಡ’ ಎಂದಿದೆಯಲ್ಲ, ಅದರ ಒಡಹುಟ್ಟು. ಕೊಂಕಣದ ದೇವರು, ನಾಗರೀ ಅಕ್ಷರ, ಕನ್ನಡದ ಬಿರುದು, ಬನವಾಸಿಯ ಕುಲದ ಸಿಂಹ — ಇಷ್ಟೂ ಒಂದು ಹೆಬ್ಬೆರಳ ಉಗುರಿನಗಲದ ಚಿನ್ನದ ಮೇಲೆ. ಕಡಲು ಅವರಿಗೆ ಹಣ ಕೊಟ್ಟಿತು. ಮಾನವನ್ನು ಕೊಡಬೇಕಾದುದು ಮಾತ್ರ ಘಟ್ಟದ ಮೇಲಿನ ಹಳೆಯ ಮನೆ ಎಂದೇ ಅವರು ತಿಳಿದಿದ್ದರು. ಹಡಗಿನ ಹಣಕ್ಕೆ ಸಿಂಹದ ಮುದ್ರೆ ಬಿದ್ದದ್ದು ಹೀಗೆ.

ಆದುದರಿಂದ ಈ ಸಿಂಹ ಗೋವೆಯದೋ ಕರ್ನಾಟಕದ್ದೋ ಎಂದು ಆಗಾಗ ಏಳುವ ವಾದದಲ್ಲಿ ನನಗೆ ಹುರುಳು ಕಾಣುವುದಿಲ್ಲ. 1931ರಲ್ಲಿ ‘ಕದಂಬ ಕುಲ’ವೆಂಬ ದೊಡ್ಡ ಗ್ರಂಥವನ್ನು ಬರೆದು ಬನವಾಸಿ, ಹಾನಗಲ್ಲು, ಗೋವೆಗಳ ಚರಿತ್ರೆಯನ್ನು ಒಂದೇ ದಾರದಲ್ಲಿ ಪೋಣಿಸಿದವರು ಜಾರ್ಜ್ ಮೊರಾಯಿಸ್ ಎಂಬ ಗೋವೆಯ ವಿದ್ವಾಂಸರು. ಅವರಿಗೆ ಸೀಮೆಯ ಗೆರೆ ಅಡ್ಡ ಬರಲಿಲ್ಲ. ನಮ್ಮವರು ಬನವಾಸಿಯಲ್ಲಿ ವರ್ಷ ವರ್ಷ ಕದಂಬೋತ್ಸವ ಮಾಡುತ್ತಾರೆ, ಗೋವೆಯವರು ದಿನ ದಿನ ಬಸ್ಸು ಓಡಿಸುತ್ತಾರೆ. ನನ್ನ ಚಿಂತೆ ಬೇರೆ. ಹಳಿಯಾಳ, ಮುಂಡಗೋಡಗಳ ಹಳ್ಳಿಗಳಲ್ಲಿ ವೀರಗಲ್ಲಿನ ಮೇಲೆ ಬಟ್ಟೆ ಒಗೆಯುವುದನ್ನು ನಾನೇ ಕಂಡಿದ್ದೇನೆ. ಹಳೆಯ ಪೆಟ್ಟಿಗೆಯ ತಾಮ್ರದ ತಗಡು ಪಾತ್ರೆಯವನ ತಕ್ಕಡಿಗೆ ಬಿದ್ದರೆ ಕೇಳುವವರಿಲ್ಲ. ಅಂಥದೊಂದು ನಿಮ್ಮ ಮನೆಯಲ್ಲಿದ್ದರೆ ಬಳೆಯನ್ನು ಕಡಿಯಬೇಡಿರಿ, ಹುಣಿಸೆಹಣ್ಣು ಹಾಕಿ ತಿಕ್ಕಲೂ ಬೇಡಿರಿ. ಓದಬಲ್ಲವರಿಗೆ ತೋರಿಸಿರಿ.

ಕಾಳಿಯ ಹೊಳೆ ಜೋಯಿಡಾ ತಾಲೂಕಿನ ಡಿಗ್ಗಿಯಲ್ಲಿ ಹುಟ್ಟಿ, ಗಣೇಶಗುಡಿ, ದಾಂಡೇಲಿಗಳನ್ನು ಹಾಯ್ದು, ಕಾರವಾರದಲ್ಲಿ ಕಡಲು ಸೇರುತ್ತದೆ. ಇಂದು ಗಣೇಶಗುಡಿಯ ಬಳಿ ಬಿಳಿನೊರೆಯ ನೀರಿನಲ್ಲಿ ತರುಣರು ರಬ್ಬರಿನ ದೋಣಿಗಳನ್ನು ಹುಟ್ಟು ಹಾಕಿ ನಡೆಸುತ್ತಾರೆ. ಮುಂದೆ ಅವರು ಒಂದು ಸಂಘ ಕಟ್ಟಿ, ಹುಟ್ಟಿನ ಮೇಲೆ ಏನು ಬರೆಯೋಣವೆಂದು ಕೇಳಿದರೆ ನಾನು ಸಿಂಹವನ್ನು ಹೇಳುವುದಿಲ್ಲ. ಸಿಂಹ ಹತ್ತಿರದ ಗುರುತು; ಅದು ಕಾಗದದ ಮೇಲೆ ಇರಲಿ. ದೂರದಿಂದ ಕಾಣಬೇಕಾದ ಹುಟ್ಟಿಗೆ ಆ ಮರೆತುಹೋದ ವಾನರವನ್ನು ಬರೆಯಿರಿ ಎನ್ನುತ್ತೇನೆ. ಕಾಳಿಯ ದಂಡೆಯ ಮರಗಳಲ್ಲಿ ಅದರ ವಂಶದವರಿಗೇನೂ ಕೊರತೆಯಿಲ್ಲ.

ಹಳಸಿಗೆ ಹೋಗಬೇಕೆನ್ನುವವರು ಮಳೆ ನಿಂತ ಮೇಲೆ ಹೋಗಬೇಕು. ಅಲ್ಲಿಯ ಭೂವರಾಹ ನರಸಿಂಹ ದೇವಾಲಯದಲ್ಲಿ ಎರಡು ಗರ್ಭಗುಡಿಗಳು ಒಂದಕ್ಕೊಂದು ಎದುರಾಗಿ ನಿಂತಿವೆ. ಪೆರ್ಮಾಡಿಯ ಕಾಲದಲ್ಲಿ, ಕಲಿಯುಗದ 4270ನೆಯ ವರ್ಷ, ಎಂದರೆ 1169ರಲ್ಲಿ ಅಲ್ಲಿ ನರಸಿಂಹನ ಪ್ರತಿಷ್ಠೆಯಾಯಿತೆಂದು ಶಾಸನವಿದೆ. ಒಂದು ಗುಡಿಯಲ್ಲಿ ಭೂಮಿಯನ್ನು ಹೊತ್ತ ವರಾಹ ನಿಂತಿದ್ದಾನೆ; ಚಾಲುಕ್ಯರ ಲಾಂಛನವೂ ವರಾಹವೇ ಎಂಬುದನ್ನು ಆಗಲೇ ಹೇಳಿದ್ದೇನೆ. ಇದು ಬೇಕೆಂದು ಮಾಡಿದ್ದೋ ಭಕ್ತಿಯಿಂದ ತಾನಾಗಿ ಬಂದದ್ದೋ ಎಂಬುದನ್ನು ಮಂಟಪದ ನಡುವೆ ನಿಂತು ನೀವೇ ಯೋಚಿಸಿರಿ.